ತೊಯ್ದ ಬಿಲ್ಲೆ

ನಮ್ಮ ಕಾಲೇಜಿಗೆ ಹೊಸಾ ಹುಡುಗರು ಬಂದಾಗೆಲ್ಲ ನನ್ನ ಪರಿಚಯ ಒಂದೇ ನಮೂನಿ ಆಗ್ತೈತಿ. 'ಇವ್ರು ಡಾಕ್ಟ್ರು. ಫೆರೋಎಲೆಕ್ಟ್ರಿಕ್ ವಸ್ತುಗಳ ಮ್ಯಾಲ ಪಿಎಚ್.ಡಿ. ಮಾಡ್ಯಾರ. ಇವ್ರ ಪ್ರಬಂಧ ಹೊರದೇಶದ ಪತ್ರಿಕಿಯಾಗ ಅಚ್ಚಾಗೇತಿ' ಅಂತಾರ. ಹುಡುಗರು ಚಪ್ಪಾಳಿ ಹೊಡೀತಾರ. ನಾನು ನಿಂತು ಕೈ ಮುಗೀತೀನಿ. ಆ ಚಪ್ಪಾಳಿ ಕೇಳಿದಾಗೆಲ್ಲ ಒಳಗೊಳಗ ಥೂ ಅನಿಸ್ತೈತಿ. ಯಾಕ ಅಂತ ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಹೆಂಡ್ತಿಗೂ ಹೇಳಿಲ್ಲ. ಇಲ್ಲೆ ಬರೀತೀನಿ. ಯಾರ ಹೆಸರೂ ಹಾಕಂಗಿಲ್ಲ, ನನ್ನದೂ ಹಾಕಂಗಿಲ್ಲ. ಅಷ್ಟು ಧೈರ್ಯ ಇದ್ದಿದ್ರ ಇದನ್ನ ಬರಿಯೂ ಗರಜೇ ಬೀಳ್ತಿರಲಿಲ್ಲ.

ನಾನು ಸಿಂಧನೂರಿನಾಂವ. ಗೊರೇಬಾಳದಾಗ ಕಾಲುವಿ ನೀರಿನ ಹೊಲ ಐತಿ, ಅದನ್ನ ಅಣ್ಣ ನೋಡ್ಕೋತಾನ. ನನಗ ನೆಲ್ಲಿನ ಗದ್ದಿ ಕೆಸರಿಗಿಂತ ಪುಸ್ತಕ ಪಾಡು ಅನಿಸಿ ಫಿಸಿಕ್ಸ್ ಓದಿದೆ. ಲಿಂಗಸುಗೂರಿನ ಒಂದು ಖಾಸಗಿ ಕಾಲೇಜಿನ್ಯಾಗ ಪಾಠ ಹೇಳಾಕ ಹತ್ತಿದೆ. ಆಗ ನನ್ನದು ಕಾಯಂ ನೌಕರಿ ಅಲ್ಲ. ವರ್ಷಕ್ಕೊಮ್ಮೆ ಬರ್ರಿ ಅಂತಿದ್ರು, ವರ್ಷಕ್ಕೊಮ್ಮೆ ಹೋಗ್ರಿ ಅಂತಿದ್ರು. ಪಿಎಚ್.ಡಿ. ಇದ್ರ ಕಾಯಂ ಮಾಡ್ತೀವಿ ಅಂತ ಆಡಳಿತ ಮಂಡಳಿಯವ್ರು ಮಾತು ಕೊಟ್ಟಿದ್ರು. ನಮ್ಮ ವಿಭಾಗದ ಮುಖ್ಯಸ್ಥರೇ ನನಗ ಗೈಡ್ ಆಗಾಕ ಒಪ್ಪಿದ್ರು. ವಿಷಯ ಆರಿಸಿದವ್ರೂ ಅವ್ರೇ.

ಫೆರೋಎಲೆಕ್ಟ್ರಿಕ್ ಅಂದ್ರ ಗಾಬರಿ ಆಗಬ್ಯಾಡ್ರಿ. ನಿಮ್ಮ ಅಡಗಿ ಮನ್ಯಾಗೇ ಐತಿ. ಗ್ಯಾಸ್ ಒಲಿ ಹಚ್ಚೂ ಲೈಟರ್ ಐತಲ್ಲ, ಟಕ್ ಅಂತ ಒತ್ತಿದ್ರ ಕಿಡಿ ಹಾರ್ತೈತಿ. ಒಳಗ ಬ್ಯಾಟ್ರಿ ಇಲ್ಲ, ವೈರ್ ಹೋಗಿ ಗ್ವಾಡಿಗೆ ಹತ್ತಿಲ್ಲ. ಬಳಪದ ಮುರುಕಿನಷ್ಟು ಸೆರಾಮಿಕ್ ತುಂಡು ಐತಿ ಅಷ್ಟ. ಅದರ ಮ್ಯಾಲ ಒಂದು ಸಣ್ಣ ಸುತ್ತಿಗಿ ಬೀಳ್ತೈತಿ, ಪೆಟ್ಟು ತಿಂದ ತುಂಡು ಕಿಡಿ ಉಗುಳ್ತೈತಿ. ಬಸುರಿ ಹೆಂಗಸರ ಹೊಟ್ಟಿ ಮ್ಯಾಲ ಆಡಿಸಿ ಸ್ಕ್ಯಾನ್ ಮಾಡ್ತಾರಲ್ಲ, ಆ ಹಿಡಿಕಿಯೊಳಗೂ ಇದೇ ಜಾತಿ ತುಂಡು. ಇದರ ಗುಣ ಇಷ್ಟ: ಜೋರು ವೋಲ್ಟೇಜ್ ಕೊಟ್ರ ಒಳಗಿನ ಪರಮಾಣುಗಳು ತುಸು ಸರಿದು ಒಂದು ಕಡೆ ಮಾರಿ ಮಾಡಿ ಕುಂದರ್ತಾವ. ವೋಲ್ಟೇಜ್ ತೆಗೆದ ಮ್ಯಾಲೂ ಹಂಗೇ ಕುಂತಿರ್ತಾವ. ಉಲ್ಟಾ ವೋಲ್ಟೇಜ್ ಕೊಟ್ರಷ್ಟ ಆ ಕಡೆ ಹೊರಳ್ತಾವ.

ವಸ್ತು ಆ ಜಾತಿದು ಹೌದೋ ಅಲ್ಲೋ ಅಂತ ತಿಳಿಯಾಕ ವೋಲ್ಟೇಜ್ ಏರಿಸಿ ಇಳಿಸಿ ಆಸಿಲೋಸ್ಕೋಪಿನ ಪರದೆ ಮ್ಯಾಲ ಗೆರಿ ನೋಡ್ತೀವಿ. ಗೆರಿ ಹೋದ ದಾರಿಲೆ ವಾಪಸ್ ಬರಂಗಿಲ್ಲ, ಬ್ಯಾರೆ ದಾರಿ ಹಿಡಿದು ಸುತ್ತು ಹಾಕ್ತೈತಿ. ಅದಕ್ಕ ಲೂಪ್ ಅಂತೀವಿ. ಖರೇ ಲೂಪಿನ ಎರಡೂ ತುದಿ ಚೂಪು, ಬೇವಿನ ಎಲಿ ತುದಿಯಂಗ ಎಳಕೊಂಡಿರ್ತಾವ. ಆದ್ರ ಒಂದು ಮೋಸ ಐತಿ. ವಸ್ತುವಿನೊಳಗಿಂದ ಕರೆಂಟ್ ಬರೇ ಸೋರಿದ್ರೂ ಸುತ್ತು ಕಾಣ್ತೈತಿ. ಅದರ ತುದಿ ದುಂಡಗ, ಬದನಿಕಾಯಿಯಂಗ. ಈ ಕಸಬಿನ್ಯಾಗ ಮೊದಲ ವರ್ಷದ ಹುಡುಗರಿಗೂ ಇದು ಗೊತ್ತಿರ್ತೈತಿ. ನನಗೂ ಗೊತ್ತಿತ್ತು.

ಪೇಟಿಯಾಗ ಸಿಗೂ ತುಂಡುಗಳಾಗ ಸೀಸ ಇರ್ತೈತಿ. ಸೀಸ ವಿಷ. ಸೀಸ ಇಲ್ಲದ ಹೊಸಾ ವಸ್ತು ಹುಡುಕೂದು ನನ್ನ ಕೆಲಸ. ಪುಡಿ ತೂಗಿ, ಖಲ್ಲಿನ್ಯಾಗ ಹಾಕಿ ತಾಸುಗಟ್ಟಲೆ ಅರಿಯೂದು, ಯಂತ್ರದಾಗ ಒತ್ತಿ ಬಿಲ್ಲೆ ಮಾಡೂದು, ಕುಲುಮಿಯಾಗ ಸುಡೂದು. ಎಂಟಾಣೆ ನಾಣ್ಯದಂಥಾ ಬಿಲ್ಲೆ. ನಮ್ಮ ಲಿಂಗಸುಗೂರಿನ ಕರೆಂಟು ಯಾವಾಗ ಹೋಗ್ತೈತಿ, ಯಾವಾಗ ಬರ್ತೈತಿ ಅದರಪ್ಪನಿಗೂ ಗೊತ್ತಿಲ್ಲ. ಕುಲುಮಿ ನಡುವ ಆರಿಬಿಡ್ತಿತ್ತು. ಬಿಲ್ಲೆ ಅರೆಬೆಂದ ಇಟ್ಟಂಗಿಯಂಗ ಒಳಗೆಲ್ಲಾ ತೂತು ತೂತು ಉಳೀತಿದ್ವು. ಮೂರು ವರ್ಷ ಅರದೆ, ಸುಟ್ಟೆ, ನೋಡಿದೆ. ಪರದೆ ಮ್ಯಾಲ ಬರೇ ಒಂದು ಓರಿ ಗೆರಿ. ಲೂಪ್ ಇಲ್ಲ ಗೀಪ್ ಇಲ್ಲ. ದಿನಾ ಸಿಂಧನೂರಿಗೆ ವಾಪಸ್ ಬರೂ ಬಸ್ಸಿನ್ಯಾಗ ಕುಂತು ಅಂಗೈ ನೋಡ್ಕೋತಿದ್ದೆ, ಅರದೂ ಅರದೂ ಗುಳ್ಳಿ ಎದ್ದು ಒಡದು ಗಟ್ಟಿ ಆಗಿದ್ವು.

ಮೂರನೇ ವರ್ಷದ ಖಂಡೇನವಮಿ ಬಂತು. ನಮ್ಮ ಕಡೆ ಖಂಡೇನವಮಿ ಅಂದ್ರ ದುಡಿಯೂ ಸಾಮಾನೆಲ್ಲಾ ತೊಳೆದು ಪೂಜಿ ಮಾಡೂ ದಿನ. ಸಿಂಧನೂರಿನ ಅಕ್ಕಿ ಗಿರಣಿಯಿಂದ ಹಿಡಿದು ಕಡೀ ಆಟೋ ತನಕ ಇಬತ್ತಿ ಬೀಳದ ಯಂತ್ರ ಇರಂಗಿಲ್ಲ. ಲ್ಯಾಬಿನ್ಯಾಗೂ ಮಾಡಿದ್ವಿ. ಕುಲುಮಿ, ತಕ್ಕಡಿ, ಆಸಿಲೋಸ್ಕೋಪ್ ಎಲ್ಲಾ ಒರೆಸಿ ಮೂರು ಮೂರು ಬೆರಳು ಇಬತ್ತಿ ಎಳದ್ವಿ, ಚೆಂಡುಹೂವು ಏರಿಸಿದ್ವಿ. ಗೈಡ್ರು ಟೆಂಗಿನಕಾಯಿ ಒಡದು ಕಾಯಿ ನೀರು ಎಲ್ಲಾದಕ್ಕೂ ಚಿಮುಕಿಸಿದ್ರು. ಪೂಜಿ ಮುಗಿಸಿ ಅವ್ರು ಪ್ರಸಾದ ಹಂಚಾಕ ಹೊರಗ ಹೋದ್ರು. ನಾನು ಒಬ್ಬನೇ ಉಳಿದೆ. ನನಗೇನು ತಿಳೀತೋ ಏನೋ, ಆ ವಾರ ಸುಟ್ಟ ಬಿಲ್ಲೆಯ ಡಬ್ಬಿ ತೆಗೆದು ಒಂದು ಬಿಲ್ಲೆ ಅಂಗೈ ಮ್ಯಾಲ ಇಟ್ಟುಕೊಂಡೆ. ಹಸಿ ಇಬತ್ತಿ ಹಚ್ಚಿದೆ. ಬಟ್ಟಲದಾಗ ಉಳಿದಿದ್ದ ಕಾಯಿ ನೀರಿನ್ಯಾಗ ಬಿಲ್ಲೆ ಅದ್ದಿ ಕಣ್ಣಿಗೆ ಒತ್ತಿಕೊಂಡೆ. 'ಯಪ್ಪಾ ಶಿವನ, ಮೂರು ವರ್ಷ ಆತು. ಒಮ್ಮೆರ ತೋರ್ಸೋ' ಅಂದೆ. ಮನ್ಯಾಗ ಕೂಸಿಗೆ ಜ್ವರ ಬಂದ್ರ ಬೇಡ್ಕೋತೀವಲ್ಲ, ಹಂಗೇ ಬೇಡಿಕೊಂಡೆ. ಖರೇ ಹೇಳ್ತೀನಿ, ಕಣ್ಣೀರು ಬಂದಿತ್ತು.

ಹಬ್ಬ ಮುಗಿಸಿ ಬಂದು ಆ ಬಿಲ್ಲೆ ಒರೆಸಿ, ಎರಡೂ ಮಗ್ಗಲಿಗೆ ಬೆಳ್ಳಿ ಲೇಪ ಹಚ್ಚಿ ವೋಲ್ಟೇಜ್ ಕೊಟ್ಟೆ. ಗೆರಿ ಬಾಯಿ ತೆರೀತು. ದೊಡ್ಡ ಸುತ್ತು, ಪರದೆ ತುಂಬ. ಓಡಿ ಹೋಗಿ ಗೈಡ್ರನ್ನ ಕರ್ಕೊಂಡು ಬಂದೆ. ಅವ್ರ ಕಿಸೆದಾಗ ಇನ್ನೂ ದಸರೆಯ ಬನ್ನಿ ಎಲಿ ಇದ್ವು. ಒಂದು ಎಲಿ ನನ್ನ ಕೈಯಾಗ ಇಟ್ಟು, 'ಲೇ ತಮ್ಮಾ, ಇದು ಖರೇ ಬಂಗಾರ ನೋಡು. ಹಟ್ಟಿ ಗಣಿಯಾಗೂ ಸಿಗಂಗಿಲ್ಲ' ಅಂತ ಬೆನ್ನು ಚಪ್ಪರಿಸಿದ್ರು. ತುದಿ ದುಂಡಗಿದ್ವು. ನಾನು ನೋಡಿದೆ. ಅವ್ರೂ ನೋಡಿರಬೇಕು. ಇಬ್ಬರೂ ಆ ಮಾತು ಎತ್ತಲಿಲ್ಲ.

ಮುಂದಿನ ತಿಂಗಳೇ ಪ್ರಬಂಧ ಬರೆದ್ವಿ. ಕಣ್ಣು ತೆರೆದು ಓದೂ ಪತ್ರಿಕಿಗೆ ಕಳಿಸಲಿಲ್ಲ, ಬಂದದ್ದನ್ನ ಅಚ್ಚು ಹಾಕೂವಂಥಾದ್ದಕ್ಕ ಕಳಿಸಿದ್ವಿ. ಅಚ್ಚಾತು. ಊರಿಗೆ ಪೇಢೆ ಹಂಚಿದೆ.

ಬ್ಯಾಸಗಿ ಬಂತು. ಥೀಸಿಸ್ ಕೊಡೂ ಮುಂಚೆ ಇನ್ನೊಮ್ಮೆ ಅಳತಿ ತಗೋಬೇಕಾಗಿತ್ತು. ಅದೇ ಬಿಲ್ಲೆ ಇಟ್ಟೆ. ಓರಿ ಗೆರಿ. ವೈರ್ ನೋಡಿದೆ, ಜೋಡಣಿ ನೋಡಿದೆ, ಲೇಪ ಕೆರೆದು ಹೊಸಾದು ಹಚ್ಚಿದೆ. ಓರಿ ಗೆರಿ. ತಲಿ ಕೆಟ್ಟು ಗೊಬ್ಬರ ಆತು. ಲ್ಯಾಬಿನ ಕಟ್ಟಿ ಮ್ಯಾಲ ನನ್ನ ನೀರಿನ ಬಾಟಲಿ ಇತ್ತು, ಅದನ್ನ ನೋಡಿಕೊಂತ ಸುಮ್ನ ಕುಂತಿದ್ದೆ. ಆಗ ಖಂಡೇನವಮಿ ನೆನಪಾತು. ಎದ್ದು ಹೋಗಿ ಬಸ್ ಸ್ಟ್ಯಾಂಡಿನ್ಯಾಗ ಒಂದು ಎಳನೀರು ತಂದೆ. ಒಂದು ಹನಿ ಬಿಲ್ಲೆಗೆ ಬಿಟ್ಟೆ. ಅರೆಬೆಂದ ಬಿಲ್ಲೆ, ಗುಟಕ್ ಅಂತ ಕುಡೀತು. ವೋಲ್ಟೇಜ್ ಕೊಟ್ಟೆ. ಆ ಸುತ್ತು ಎದ್ದು ನಿಂತಿತು. ಒಲಿಯಾಗ ಒಣಗಿಸಿದೆ, ಹೋತು. ಹನಿ ಬಿಟ್ಟೆ, ಬಂತು. ಕಾಯಿ ನೀರಿನ ಉಪ್ಪು ಕರೆಂಟ್ ಸೋರಿಸಾಕತ್ತಿತ್ತು, ಅಷ್ಟ. ನಾನು ಕಂಡುಹಿಡಿದ ಹೊಸಾ ವಸ್ತು ಅಂದ್ರ ತೊಯ್ದ ಮಣ್ಣು.

ಗೈಡ್ರ ಹತ್ರ ಹೋದೆ. ಇಬತ್ತಿ, ಕಾಯಿ ನೀರು, ಎಲ್ಲಾ ಬಿಚ್ಚಿ ಹೇಳಿದೆ. ಅವ್ರು ನಗಲೂ ಇಲ್ಲ, ಬೈಯಲೂ ಇಲ್ಲ. ಬಾಗಿಲು ಮುಂದ ಮಾಡಿ ಬಂದು ಕುಂತು, 'ಮತ್ತ ಯಾರಿಗರ ಹೇಳೀಯೇನು?' ಅಂದ್ರು.

'ಇಲ್ರಿ.'

'ಹೇಳಬ್ಯಾಡ. ಪ್ರಬಂಧದಾಗ ನನ್ನ ಹೆಸರೂ ಐತಿ. ನೀ ಈಗ ವಾಪಸ್ ತಗೊಂಡ್ರ ಮತ್ತ ಮೂರು ವರ್ಷ ಅರೀತಾ ಕುಂದರಬೇಕು. ಕಾಯಂ ನೌಕರಿ ಈ ವರ್ಷ ಐತಿ, ಮುಂದಿನ ವರ್ಷ ಇರಂಗಿಲ್ಲ. ನಿನ್ನ ಬಿಲ್ಲೆ ಯಾರು ಮತ್ತ ಮಾಡಿ ನೋಡ್ತಾರಲೇ? ಜಗತ್ತಿಗೆ ಬ್ಯಾರೆ ಕೆಲಸ ಇಲ್ಲೇನು?'

ನಾನು ಹೂಂ ಅಂದೆ. ಮಂದಿ ಇಂಥಾ ಕಡೆ ಒಳಗ ದೊಡ್ಡ ಜಗಳ ನಡೀತು, ನಿದ್ದಿ ಬರಲಿಲ್ಲ ಅಂತ ಬರೀತಾರ. ನನಗ ಹಂಗೇನೂ ಆಗಲಿಲ್ಲ. ಹಗುರ ಆತು. ಸಿಂಧನೂರಿಗೆ ಬಂದು ಮಿರ್ಚಿ ತಿಂದು ಮನಿಗೆ ಹೋದೆ. ಡಾಕ್ಟ್ರು ಆದೆ, ಕಾಯಂ ಆದೆ, ಊರಾಗ ಓಡಾಡಾಕ ಗಾಡಿ ತಗೊಂಡೆ. ಆ ಬಿಲ್ಲೆ ಒಂದು ಡಬ್ಬಿಯಾಗ ಹಾಕಿ ಲ್ಯಾಬಿನ ಕಪಾಟಿನ ಮ್ಯಾಲ ಇಟ್ಟುಬಿಟ್ಟೆ.

ಯಾರು ಮತ್ತ ಮಾಡಿ ನೋಡ್ತಾರ ಅಂದಿದ್ರಲ್ಲ ಗೈಡ್ರು, ನೋಡಾಕ ಅವ್ರೇ ಒಬ್ಬಾಕಿನ್ನ ತಂದು ಕುಂದರಿಸಿದ್ರು.

ಅಕಿ ಮಸ್ಕಿಯ ಹುಡುಗಿ, ಸಾಬರ ಮನಿಯಾಕಿ. ಅವ್ರಪ್ಪ ಮಸ್ಕಿಯಾಗ ಗ್ಯಾಸ್ ಒಲಿ ರಿಪೇರಿ ಅಂಗಡಿ ಇಟ್ಟಿದ್ದ. ಸಣ್ಣಾಕಿ ಇದ್ದಾಗಿಂದ ಕೆಟ್ಟ ಲೈಟರ್ ಬಿಚ್ಚಿ ಕಟ್ಟಿ ಬೆಳೆದಾಕಿ. ನನ್ನ ಕೈಯಾಗೇ ಎಂ.ಎಸ್ಸಿ. ಕಲಿತಳು. ಲೈಟರ್ ಪಾಠ ಮಾಡೂವಾಗ ಕ್ಲಾಸಿನ್ಯಾಗ ಎದ್ದು ನಿಂತು, 'ಸರ್, ಅದು ಎರಡು ತುಂಡು ಇರ್ತಾವ್ರಿ, ಒಂದಕ್ಕೊಂದು ಮಾರಿ ಮಾಡಿ ಇಟ್ಟಿರ್ತಾರ' ಅಂದಿದ್ಲು. ನಾನು ಬೋರ್ಡಿನ ಮ್ಯಾಲ ಒಂದೇ ಬರೆದಿದ್ದೆ. ಅಂಥಾ ಚುರುಕು. ಪಿಎಚ್.ಡಿ.ಗೆ ಗೈಡ್ರು ಅಕಿಗೆ ಕೊಟ್ಟ ವಿಷಯ ಏನು ಗೊತ್ತೇನ್ರಿ? ನನ್ನ ಬಿಲ್ಲೆಯಿಂದ ಸೆನ್ಸರ್ ಮಾಡೂದು. ಅಕ್ಕಿ ಗಿರಣಿಯಾಗ ನೆಲ್ಲಿನ ಜೋಡಿ ಕಲ್ಲು ಬಂದ್ರ ಆ ಸಪ್ಪಳ ಹಿಡಿದು ಯಂತ್ರ ನಿಲ್ಲಿಸೂ ಸೆನ್ಸರ್. ವಿಚಾರ ಚಲೋ ಇತ್ತು. ನಾನು ಗೈಡ್ರ ಕೋಣಿಗೆ ಹೋಗಿ, 'ಸರ್, ಆ ಬಿಲ್ಲೆ...' ಅಂದೆ. 'ಅಕಿ ಚಲೋ ಸುಟ್ಟು ಮಾಡಿದ್ರ ಬರಲೂಬಹುದು, ಸುಮ್ನಿರು' ಅಂದ್ರು. ಸುಮ್ನಿದ್ದೆ.

ಅಕಿ ದಾರಿ ನಡುವ ಮಸ್ಕಿಯಾಗ ನಮ್ಮದೇ ಬಸ್ ಹತ್ತತಿದ್ಲು. ಮೊದಮೊದಲು ಹತ್ತಿದಾಕಿನೇ ನಗ್ತಾ, 'ಸರ್, ನಿನ್ನೆ ಆರು ಬಿಲ್ಲೆ ಸುಟ್ಟೀನ್ರಿ' ಅಂತಿದ್ಲು. ಕರೆಂಟು ಹೋದ್ರ ಕುಲುಮಿ ಆರಬಾರದು ಅಂತ ಅಕಿನೇ ಓಡಾಡಿ ಜನರೇಟರ್ ಜೋಡಿಸಿಕೊಂಡಿದ್ಲು. ಅಕಿ ಬಿಲ್ಲೆ ಕೈಯಾಗ ಹಿಡಿದ್ರ ಕಂಚಿನಂಗ ಠಣ್ ಅಂತಿದ್ವು, ಒಂದು ತೂತಿಲ್ಲ. ಅಂಥಾ ಬಿಲ್ಲೆ ನಾನು ಜನ್ಮದಾಗ ಮಾಡಿಲ್ಲ. ಕಾಸಿದ ಎಣ್ಣಿಯಾಗ ಮುಳುಗಿಸಿ ಜೋರು ವೋಲ್ಟೇಜ್ ಕೊಡೂದು, ಲೂಪ್ ನೋಡೂದು. ಓರಿ ಗೆರಿ. ಮತ್ತ ಮಾಡೂದು. ಓರಿ ಗೆರಿ. ಆರು ತಿಂಗಳಾಗೂದ್ರಾಗ ಬಸ್ಸಿನ್ಯಾಗ ನಗೂದು ನಿಂತಿತು. ವರ್ಷ ಆಗೂದ್ರಾಗ ಮಾತು ನಿಂತಿತು. ಕಿಡಕಿ ಕಡೆ ಮಾರಿ ಮಾಡಿ ಕುಂದರ್ತಿದ್ಲು. ನಾನು ಮುಂದಿನ ಸೀಟಿಗೆ ಕುಂದರಾಕ ಹತ್ತಿದೆ.

ವಿಭಾಗದಾಗ ಗೈಡ್ರು ಎಲ್ಲರ ಮುಂದ, 'ಇವ್ರಿಗೆ ಬಂದದ್ದು ನಿನಗ್ಯಾಕ ಬರವಲ್ದವಾ? ಕೈಗುಣ ಬೇಕು ಕೈಗುಣ' ಅಂತಿದ್ರು. ನನ್ನ ಕಡೆ ಬೆರಳು ತೋರಿಸಿ ಅಂತಿದ್ರು. ನಾನು ಚಹಾದ ಕಪ್ಪಿನಿಂದ ತಲಿ ಎತ್ತತಿರಲಿಲ್ಲ.

ಎರಡನೇ ವರ್ಷದ ಮಳಿಗಾಲದಾಗ ಒಂದು ಐತವಾರ ಅಕಿ ಸಿಂಧನೂರಿಗೆ ನಮ್ಮ ಮನಿಗೇ ಬಂದ್ಲು. ಮುಂಚೆ ಎಂದೂ ಬಂದಾಕಿ ಅಲ್ಲ. ಹೆಗಲಿಗೆ ಚೀಲ, ಚೀಲಕ್ಕ ಕೈ ಒತ್ತಿ ಹಿಡಿದಿದ್ಲು. ನನ್ನ ಹೆಂಡ್ತಿ ಚಹಾ, ಚುರುಮುರಿ ತಂದಿಟ್ಟಳು. ಅಕಿ ಮುಟ್ಟಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ್ಲು. ಆಸಿಲೋಸ್ಕೋಪಿನ ಪರದೆ. ಅದರಾಗ ಲೂಪ್. ಎರಡೂ ತುದಿ ಸೂಜಿಯಂಗ ಚೂಪು. ಅಷ್ಟು ಚಂದದ ಲೂಪ್ ನಾನು ಪುಸ್ತಕದಾಗ ಬಿಟ್ರ ಎಲ್ಲೂ ನೋಡಿರಲಿಲ್ಲ.

'ಬಂತೇನು!' ಅಂದೆ. ನನ್ನ ದನಿ ಏರಿಬಿಟ್ಟಿತ್ತು. ಒಂದು ಗಳಿಗಿ ಖರೇನೂ ನಂಬಿದೆ, ಅಕಿ ಚಲೋ ಸುಟ್ಟು ಮಾಡ್ಯಾಳ, ನನ್ನ ಪಾಪ ಹೋತು ಅಂತ.

'ಇದು ನಮ್ಮ ಬಿಲ್ಲೆದಲ್ರಿ ಸರ್. ಲೈಟರ್ ತುಂಡು. ನಮ್ಮಬ್ಬಾನ ಅಂಗಡಿದು. ಕಲ್ಲಿಗೆ ನೀರು ಹಾಕಿ ತಿಕ್ಕಿ ತೆಳ್ಳಗ ಮಾಡಿದೆ. ಅದೇ ಲೇಪ, ಅದೇ ವೈರ್, ಅದೇ ಎಣ್ಣಿ. ಇದಕ್ಕ ಬರ್ತೈತ್ರಿ. ನಮ್ಮದಕ್ಕ ಬರವಲ್ದು.' ಅಕಿ ಅಷ್ಟಂದು ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ಲು. 'ಯಾಕಿರಬಹುದು ಸರ್?' ಅಂದ್ಲು.

ಯೋಚನಿ ಮಾಡ್ರಿ. ಅಂಗಡಿಯ ಕೆಟ್ಟ ಲೈಟರ್ ಒಡದು, ಬಟಾಣಿ ಕಾಳಿನಷ್ಟು ತುಂಡು ಬೆರಳಾಗ ಹಿಡಿದು ತಿಕ್ಕಿ, ತನ್ನ ಕೈಯಾಗ ತಪ್ಪಿಲ್ಲ ಅಂತ ಅಕಿ ಸಾಬೀತು ಮಾಡಿ ತಂದಿದ್ಲು. ಇಷ್ಟು ಅಚ್ಚುಕಟ್ಟು ಕೆಲಸ ನಮ್ಮ ಲ್ಯಾಬಿನ್ಯಾಗ ಯಾರೂ ಮಾಡಿರಲಿಲ್ಲ. ಒಂದು ಮಾತು ಹೇಳಿದ್ರ ಸಾಕಾಗಿತ್ತು. ನಾಲಿಗಿ ತುದಿಗೆ ಬಂದಿತ್ತು ಅಂತ ಬರೆದ್ರ ಅದೂ ಸುಳ್ಳು. ಬಂದಿರಲಿಲ್ಲ. ನನ್ನ ತಲಿಯಾಗ ಇದ್ದದ್ದು ಕಾಯಂ ಆದೇಶದ ಹಾಳಿ ಒಂದೇ.

'ಅದು ಕಂಪನಿ ಮಾಲವಾ' ಅಂದೆ. 'ಯಾರು ಮಾಡಿದ್ರೂ ಬರ್ತೈತಿ. ನಮ್ಮ ಬಿಲ್ಲೆ ನಾಜೂಕು. ಕೈ ಸ್ವಚ್ಛ ತೊಳಕೊಂಡು ಮತ್ತೊಮ್ಮೆ ಮಾಡಿ ನೋಡು.'

ಅಕಿ ಚೀಲ ತೊಡಿ ಮ್ಯಾಲ ಎಳಕೊಂಡ್ಲು. ಚೀಲದ ಜಿಪ್ಪಿನ ಮ್ಯಾಲ ಬೆರಳು ಇತ್ತು. ಆಮ್ಯಾಲ ಬೆರಳು ತೆಗೆದು, 'ಆಯ್ತ್ರಿ ಸರ್' ಅಂತ ಎದ್ದಳು. ಚಹಾ ಕೆನಿ ಕಟ್ಟಿತ್ತು. 'ಎಂಥಾ ಹುಡುಗಿ, ಒಂದು ಗುಟುಕು ಸೈತ ಕುಡೀಲಿಲ್ಲ' ಅಂತ ಹೆಂಡ್ತಿ ಗೊಣಗಿದ್ಲು.

ಆ ವರ್ಷದ ಕಡೀಗೆ ಅಕಿ ಲ್ಯಾಬಿಗೆ ಬರೂದು ಬಿಟ್ಟಳು. ಕಾಲೇಜಿನ್ಯಾಗ, 'ಅಕಿಗೆ ಪ್ರಯೋಗ ಮಾಡೂ ಕೈ ಇಲ್ಲ' ಅಂತ ಮಾತಾತು. ನಾನೂ ಒಂದೆರಡು ಕಡೆ ಹೂಂ ಅಂದೀನಿ. ಹಂಗ ಅಂದದ್ದು ನೆನಪಾದ್ರ ಈಗಲೂ ನನ್ನ ಕಪಾಳಕ್ಕ ನಾನೇ ಹೊಡಕೋಬೇಕು ಅನಿಸ್ತೈತಿ. ಹೊಡಕೊಂಡಿಲ್ಲ.

ಹ್ವಾದ ವರ್ಷ ಗೈಡ್ರು ನಿವೃತ್ತಿ ಆದ್ರು, ಗೈಡ್ ಆಗೂ ಪಾಳಿ ನನಗ ಬಂತು. ಮೊದಲನೇ ವಿದ್ಯಾರ್ಥಿನಿ ನನ್ನ ಆ ಪ್ರಬಂಧದ ಝೆರಾಕ್ಸ್ ಹಿಡಕೊಂಡೇ ಬಂದ್ಲು. 'ಸರ್, ಇದರ ಮ್ಯಾಲೇ ಮಾಡ್ತೀನ್ರಿ' ಅಂದ್ಲು. 'ಬ್ಯಾಡವಾ, ಹಳೇದಾತು, ಬ್ಯಾರೆ ಹಿಡಿ' ಅಂದೆ. ಅಕಿ ಹೂಂ ಅಂತ ಹೋದ್ಲು. ಅಷ್ಟ. ಒಂದೇ ಸಾಲಿನ್ಯಾಗ ಮುಗೀತು. ಇಷ್ಟು ಸರಳ ಇತ್ತೇನು ಅಂತ ನನಗ ಮೈಯೆಲ್ಲಾ ಉರಿತು. ಈ ಒಂದು ಸಾಲು ಮಸ್ಕಿ ಹುಡುಗಿಗೆ ಯಾಕ ಹೇಳಲಿಲ್ಲ? ಗೈಡ್ರಿಗೆ ಹೆದರಿ ಅಂತ ಇಷ್ಟು ದಿನ ಅನ್ಕೊಂಡಿದ್ದೆ. ಈಗ ಗೈಡ್ರಿಲ್ಲ. ಆ ವಾರ ಸಂಜಿ ಬಸ್ಸಿನಿಂದ ಮಸ್ಕಿಯಾಗ ಇಳಿದೆ. ಅಂಗಡಿ ಕೇಳಿಕೊಂತ ಹೋದೆ.

ಅಕಿ ಅಂಗಡಿಯಾಗೇ ಇದ್ಲು. ಮುಂದೊಂದು ಬಿಚ್ಚಿದ ಒಲಿ, ಕೈಯಾಗ ತಂತಿ, ಬರ್ನರಿನ ತೂತು ತೆಗೀತಿದ್ಲು. ಅವ್ರಬ್ಬಾ ಒಳಗ ಯಾರದೋ ಜೋಡಿ ಮಾತಾಡಾಕತ್ತಿದ್ದ. ನನ್ನ ನೋಡಿ ಅಕಿ ಎದ್ದು ಸ್ಟೂಲ್ ಒರೆಸಿ ಕೊಟ್ಲು. 'ಬರ್ರಿ ಸರ್, ಒಲಿ ಕೆಟ್ಟೈತೇನ್ರಿ?' ಅಂದ್ಲು.

'ಇಲ್ಲವಾ. ಒಂದು ಮಾತು ಹೇಳಾಕ ಬಂದೀನಿ' ಅಂದೆ. ಹೇಳಿದೆ. ಖಂಡೇನವಮಿ, ಇಬತ್ತಿ, ಕಾಯಿ ನೀರು, ಬ್ಯಾಸಗಿಯಾಗ ಎಳನೀರಿನ ಹನಿ ಬಿಟ್ಟು ನೋಡಿದ್ದು, ಒಂದೂ ಬಿಡದಂಗ ಹೇಳಿದೆ. 'ಆ ಲೂಪ್ ಸುಳ್ಳು. ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲ' ಅಂದೆ. ಇದನ್ನ ಕೇಳಿ ಅಕಿ ಅಳ್ತಾಳ, ಇಲ್ಲಾ ಉಗುಳ್ತಾಳ ಅಂತ ಎರಡಕ್ಕೂ ತಯಾರಾಗಿ ಹೋಗಿದ್ದೆ.

ಅಕಿ ತಂತಿ ಕೆಳಗಿಟ್ಟಳು. 'ಕಾಯಿ ನೀರು ಗೊತ್ತಿರಲಿಲ್ರಿ' ಅಂದ್ಲು. 'ತೊಯ್ದಿತ್ತು ಅನ್ನೂದು ಗೊತ್ತಿತ್ತು.'

'ಯಾವಾಗಿಂದ?'

'ಮೊದಲ ವರ್ಷನೇ ರೀ. ನಿಮ್ಮ ಹಳೇ ಬಿಲ್ಲೆ ಕಪಾಟಿನ ಮ್ಯಾಲ ಡಬ್ಬಿಯಾಗ ಇತ್ತಲ್ಲ. ಮಳಿಗಾಲದಾಗ ಇಟ್ಟು ನೋಡಿದೆ, ಸಣ್ಣ ಸುತ್ತು ಬಂತು. ಒಣಗಿಸಿದೆ, ಹೋತು. ಉಪ್ಪಿನ ನೀರು ಹಾಕಿದೆ, ದೊಡ್ಡದು ಬಂತು.'

'ಮತ್ತ ಎರಡು ವರ್ಷ ಯಾಕ ಮಾಡಿದಿ?'

'ನೀವು ಹೇಳ್ತೀರಿ ಅಂತ ರೀ' ಅಂದ್ಲು. ಸಿಟ್ಟಿನಿಂದ ಅನ್ನಲಿಲ್ಲ. ಅದ ನನಗ ತಡಕೊಳಾಕ ಆಗಲಿಲ್ಲ. 'ನಿಮಗೂ ಗೊತ್ತೈತೋ ಇಲ್ಲೋ ಅನ್ನೂದೊಂದು ನನಗ ತಿಳೀತಿರಲಿಲ್ಲ. ಗೊತ್ತಿಲ್ಲಂದ್ರ ಹ್ಯಾಂಗ ಹೇಳೂದು, ಸರ್‌ಗೆ ನೋವಾಗ್ತೈತಿ ಅಂತ. ಕಡೀಗೆ ಪ್ರಬಂಧ ವಾಪಸ್ ತಗೊಳ್ಳೂ ಪತ್ರ ಬರೆದು ಗೈಡ್ ಸರ್‌ಗೆ ತೋರಿಸಿದೆ. ಬಿಲ್ಲೆ ಮಾಡಿದಾಂವ ಅಂವ, ಅಂವ ಸಹಿ ಹಾಕಿದ್ರ ನಾನೂ ಹಾಕ್ತೀನಿ ಅಂದ್ರು. ಅದಕ್ಕ ನಿಮ್ಮ ಮನಿಗೆ ಬಂದಿದ್ದೆ. ಪತ್ರ ಚೀಲದಾಗ ಇತ್ರಿ. ಕೈ ತೊಳಕೊಂಡು ಮಾಡು ಅಂದ್ರಲ್ಲ, ಆಗ ತಿಳೀತು ನಿಮಗ ಗೊತ್ತೈತಿ ಅಂತ. ತೆಗೀಲಿಲ್ಲ.'

ಗೈಡ್ರು ನನ್ನ ಎಷ್ಟು ಚಲೋ ತಿಳಕೊಂಡಿದ್ರು ನೋಡ್ರಿ. ನಾನು ಸಹಿ ಹಾಕಂಗಿಲ್ಲ ಅಂತ ಗೊತ್ತಿದ್ದೇ ಅಕಿನ್ನ ನನ್ನ ಮನಿಗೆ ಅಟ್ಟಿದ್ರು.

ಅಕಿ ಒಳಗ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ಲು. ಒಳಗ ಟೈಪ್ ಮಾಡಿದ ಒಂದು ಹಾಳಿ. ಪತ್ರಿಕಿಗೆ ಬರೆದದ್ದು. ಈ ಬಿಲ್ಲೆಯ ಲೂಪ್ ತೇವದಿಂದ ಬಂದದ್ದು, ಒಣಗಿದಾಗ ಬರುವುದಿಲ್ಲ, ಪ್ರಬಂಧ ವಾಪಸ್ ತಗೋತೀವಿ ಅನ್ನೂ ಅರ್ಥದ್ದು. ಕೆಳಗ ಸಹಿಗೆ ಜಾಗ. ನನ್ನದು ಮೊದಲು.

'ನನ್ನ ಪಿಎಚ್.ಡಿ. ನೋಂದಣಿ ಇನ್ನೂ ಈ ವರ್ಷ ಐತ್ರಿ ಸರ್' ಅಂದ್ಲು. 'ಇದು ವಾಪಸ್ ಆದ್ರ ನಾ ಬರೆದ ಥೀಸಿಸ್ ತಗೋತಾರ. ಬರದು ಇಟ್ಟೀನಿ, ಎಲ್ಲಾ ಅಳತಿ ಅದಾವ. ಇದು ಹಂಗೇ ಇದ್ರ ನಂದು ತಪ್ಪು ಅಂತಾರ. ನೀವು ಹೇಳಾಕ ಬಂದೀರಿ, ಭಾಳ ಚಲೋ ಆತ್ರಿ.' ಅಕಿ ಮಾರಿ ಮ್ಯಾಲ ಬಸ್ಸಿನ್ಯಾಗ ಮೊದಮೊದಲು ಇರ್ತಿತ್ತಲ್ಲ, ಆ ನಗಿ ಬಂದಿತ್ತು.

ನನ್ನ ಅಂಗಿ ಕಿಸೆದಾಗ ಎರಡು ಪೆನ್ ಇದ್ವು. ಹಾಳಿ ಹಿಡಕೊಂಡು ನಿಂತೆ. ಪ್ರಬಂಧ ಹೋದ್ರ ಪಿಎಚ್.ಡಿ. ಮ್ಯಾಲ ಮಾತು ಬರ್ತೈತಿ, ಅದರ ಮ್ಯಾಲ ನೌಕರಿ, ಮೊನ್ನೆ ಸಿಕ್ಕ ಗೈಡ್‌ಗಿರಿ, ಊರಾಗ ಡಾಕ್ಟ್ರು ಅನ್ನೂ ಮಂದಿ. ಇದೆಲ್ಲಾ ಬಸ್ ಇಳಿಯೂವಾಗ ಯಾಕ ನೆನಪಾಗಿರಲಿಲ್ಲ? ಹೇಳಿಬಿಟ್ಟು ಹಗುರ ಆಗಿ ಹೋಗಾಕ ಬಂದಿದ್ದೆ. ಅಷ್ಟಕ್ಕ ಬಂದಿದ್ದೆ.

'ಮನಿಗೆ ಒಯ್ದು ಓದಿ ನೋಡ್ತೀನವಾ' ಅಂದೆ.

'ಒಂದೇ ಹಾಳಿ ಐತ್ರಿ ಸರ್' ಅಂದ್ಲು. 'ಇಲ್ಲೇ ಓದಬಹುದು.'

ನಾನು ಹಾಳಿ ಅಕಿಯ ಬಿಚ್ಚಿದ ಒಲಿ ಮ್ಯಾಲ ಇಟ್ಟೆ. ಬಸ್ ಬಂತು ಅಂತ ಹೇಳಿ ಅಂಗಡಿ ಮೆಟ್ಟಲು ಇಳಿದೆ. ಅಕಿ ರಸ್ತೆ ಕಡೆ ಬಗ್ಗಿ ನೋಡಿದ್ಲು. ಬಸ್ ಬಂದಿರಲಿಲ್ಲ.